ಸಿರಪ್ಪಿಗೂ ಮೊದಲಿನ ಪ್ರಶ್ನೆ

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ‘ಕೋಲ್ಡ್‌ರಿಫ್’ ಎಂಬ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಒಬ್ಬರ ಹಿಂದೊಬ್ಬರಂತೆ ಮೂತ್ರಪಿಂಡ ಕೆಟ್ಟು ಸತ್ತರು. ಕಾಂಚೀಪುರಂನಲ್ಲಿ ತಯಾರಾದ ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟಿತ್ತು, ಇರಬಹುದಾದ ಮಿತಿ ಶೇ. 0.1. ಆಮೇಲಿನ ಚರ್ಚೆಯೆಲ್ಲ ಕಾರ್ಖಾನೆ, ಪರವಾನಗಿ, ತಪಾಸಣೆಗಳ ಸುತ್ತಲೇ ಸುತ್ತಿತು. 2022ರಲ್ಲಿ ಭಾರತದ ಸಿರಪ್ಪುಗಳ ಹೆಸರು ಗ್ಯಾಂಬಿಯಾದ ಮಕ್ಕಳ ಸಾವಿನ ಜೊತೆ ಕೇಳಿಬಂದಾಗಲೂ ಹೀಗೇ ಆಗಿತ್ತು. ಆ ಚರ್ಚೆ ಬೇಕಾದದ್ದೇ. ಆದರೆ ಸಿರಪ್ ಶುದ್ಧವಾಗಿದ್ದಿದ್ದರೆ ಅದನ್ನು ಆ ಮಕ್ಕಳಿಗೆ ಕೊಟ್ಟದ್ದು ಸರಿಯಾಗುತ್ತಿತ್ತೇ? ಅದರಲ್ಲಿದ್ದ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ಲಿನಲ್ಲಿ ಅಚ್ಚುಹಾಕುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದರು. ವಿಷ ಬೆರೆಯುವ ಮೊದಲೇ ಅದು ಎಳೆಮಕ್ಕಳಿಗೆ ಸಲ್ಲದ ಔಷಧವಾಗಿತ್ತು.

ಮಕ್ಕಳ ಕೆಮ್ಮು ಹೆಚ್ಚಿನಂಶ ವೈರಸ್ಸಿನ ನೆಗಡಿಯಿಂದ ಬರುತ್ತದೆ. ಕಿರಿದಾದ ಶ್ವಾಸನಾಳದಿಂದ ಕಫವನ್ನು ಹೊರದೂಡಲು ಮಗುವಿಗಿರುವ ಉಪಾಯವೇ ಕೆಮ್ಮು. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಅದು ಹತ್ತು ದಿನದಲ್ಲಿ, ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಇಪ್ಪತ್ತೈದು ದಿನದೊಳಗೆ ನಿಲ್ಲುತ್ತದೆ. ತಾಳ್ಮೆ ಕೆಡುವುದು ಸಾಮಾನ್ಯವಾಗಿ ಮೂರು ನಾಲ್ಕನೆಯ ದಿನಕ್ಕೆ. ಆಗ ತಂದ ಸಿರಪ್ಪಿಗೆ, ತಾನಾಗಿಯೇ ಇಳಿಯಲಿದ್ದ ಕೆಮ್ಮನ್ನು ಇಳಿಸಿದ ಕೀರ್ತಿ ಸಲ್ಲುತ್ತದೆ. ಔಷಧವಿಲ್ಲದ ಹುಸಿಮದ್ದಿನ ಜೊತೆ ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಈ ಔಷಧಗಳು ಮಕ್ಕಳಿಗೆ ಹೇಳಿಕೊಳ್ಳುವಂಥ ಪ್ರಯೋಜನ ತೋರಿಸಿಲ್ಲ. (ಕೆಮ್ಮನ್ನು ಅಡಗಿಸುವ ಮದ್ದು, ಕಫವನ್ನು ಕೆಮ್ಮಿ ಹೊರಹಾಕಿಸುವ ಮದ್ದು ಎರಡನ್ನೂ ಒಂದೇ ಬಾಟಲಿಗೆ ತುಂಬಿ ಮಾರುವುದೂ ಉಂಟು.) ಛಿಂದ್ವಾರಾದ ನಂತರ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗೆ ಬೇಡವೇ ಬೇಡ, ಐದರೊಳಗೂ ಸಾಮಾನ್ಯವಾಗಿ ಬೇಡ ಎಂದದ್ದು ಈ ಹಳೆಯ ತಿಳಿವನ್ನೇ.

ಹಾಗಾದರೆ ರಾತ್ರಿಯಿಡೀ ಕೆಮ್ಮುವ ಕೂಸನ್ನು ನೋಡುತ್ತ ಕೂರಬೇಕೇ ಎಂಬ ತಾಯಿಯ ಪ್ರಶ್ನೆ ನ್ಯಾಯವಾದದ್ದು. ಸಿರಪ್ ಕುಡಿದ ಮಗು ಮಲಗುವುದು ಅದು ತರಿಸುವ ಮಂಪರಿನಿಂದ, ಅದನ್ನು ಗುಣವೆಂದುಕೊಳ್ಳಬಾರದು. ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ, ಪದೇ ಪದೇ ಎದೆಹಾಲು, ವರ್ಷ ತುಂಬಿದವರಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ: ಇಷ್ಟನ್ನು ಧಾರಾಳವಾಗಿ ಮಾಡಬಹುದು. ರಾತ್ರಿಯ ಕೆಮ್ಮಿಗೆ ಜೇನುತುಪ್ಪ ಸ್ವಲ್ಪ ನೆರವಾಗುವುದು ಪ್ರಯೋಗಗಳಲ್ಲೂ ಕಂಡಿದೆ. ಹಾಗೆಂದು ಮನೆಮದ್ದೆಲ್ಲ ನಿರಪಾಯ ಎನ್ನುವ ವಾದವನ್ನು ಒಪ್ಪಲಾಗದು. ಅದೇ ಜೇನು ವರ್ಷದೊಳಗಿನ ಕೂಸಿಗೆ ಬಾಟ್ಯುಲಿಸಮ್ ಎಂಬ ಕಾಯಿಲೆ ತರಬಹುದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಎಣ್ಣೆ ನೀರು ಹಾಕಿದ ಮೇಲೆ ಹಿಡಿಯುವ ಸಾಂಬ್ರಾಣಿ ಹೊಗೆಯಂತೂ ಕೆಮ್ಮುವ ಮಗುವಿಗೆ ಕೆಮ್ಮನ್ನು ಹೆಚ್ಚಿಸುವ ಕೆಲಸ. ಅಜ್ಜಿಯ ಕೈಯಿಂದ ಬಂದದ್ದಕ್ಕೂ ಮೆಡಿಕಲ್ ಶಾಪಿನಿಂದ ಬಂದದ್ದಕ್ಕೂ ಪರೀಕ್ಷೆ ಒಂದೇ ಇರಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ನ್ಯುಮೋನಿಯಾ ಮಕ್ಕಳನ್ನು ಕೊಲ್ಲುವ ನಾಡಿನಲ್ಲಿ ‘ಕಾಯಿರಿ’ ಎನ್ನುವುದು ಅಪಾಯವಲ್ಲವೇ? ವಾಸ್ತವದಲ್ಲಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಿಸುವುದು ಸಿರಪ್ಪೇ. ‘ಮದ್ದು ಹಾಕಿದ್ದೇವಲ್ಲ’ ಎಂಬ ಸಮಾಧಾನದಲ್ಲಿ ಎರಡು ದಿನ ಕಳೆಯುತ್ತದೆ. ನೋಡಬೇಕಾದದ್ದು ಕೆಮ್ಮಿನ ಸದ್ದಿಗಿಂತ ಉಸಿರನ್ನು. ಮಗು ಅಳದೆ ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದಾಗ, ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರಾಟ, ಆಸ್ಪತ್ರೆಗೆ ಹೋಗಬೇಕು. ಪಕ್ಕೆ ಒಳಸೆಳೆಯುವುದು, ಹಾಲು ಬಿಡುವುದು, ತುಟಿ ನೀಲಿಯಾಗುವುದು ಕಂಡರೆ ಎಣಿಸುತ್ತ ಕೂರುವ ಹೊತ್ತೂ ಅಲ್ಲ. ಮೂರು ತಿಂಗಳೊಳಗಿನ ಕೂಸಿನ ಕೆಮ್ಮನ್ನು ಹೇಗಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಇದನ್ನೆಲ್ಲ ತಾಯಿಗೆ ಹೇಳಿಕೊಡಲು ವೈದ್ಯರಿಗೆ ಐದು ನಿಮಿಷ ಬೇಕು, ಸಿರಪ್ ಬರೆಯಲು ಅರೆ ನಿಮಿಷ ಸಾಕು. ಹೊರಗೆ ಸಾಲು ಬೆಳೆದಿರುತ್ತದೆ. ಬರಿಗೈಯಲ್ಲಿ ಕಳಿಸಿದರೆ ಆ ತಾಯಿ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾಳೆಂಬ ಅಳುಕೂ ಇರುತ್ತದೆ. ಕಾರ್ಖಾನೆಗಳ ತಪಾಸಣೆ ಎಷ್ಟೇ ಬಿಗಿಯಾದರೂ ಈ ಲೆಕ್ಕಾಚಾರ ಹಾಗೇ ಉಳಿಯುತ್ತದೆ.