ಆಕಳು-ಕರು ಮತ್ತು ಕತ್ತೆ

ಹಾನಗಲ್ ಕಡೆಯ ಆಡೂರಿನ ಹಿರಿಯರ ಹತ್ತಿರ ಹಳೇ ಎಲೆಕ್ಷನ್ ಮಾತು ತೆಗೆದರೆ ಪಕ್ಷದ ಹೆಸರಿಗಿಂತ ಮೊದಲು ಗುರುತು ಬರುತ್ತದೆ: ಜೋಡೆತ್ತು, ಆಕಳು-ಕರು, ಕೈ. ವ್ಯಂಗ್ಯಚಿತ್ರಗಳ ಬೆನ್ನು ಹತ್ತಿದ ನನಗೆ ಇವುಗಳಲ್ಲಿ ಆಕಳು-ಕರುವಿನ ಕತೆಯೇ ಹೆಚ್ಚಿನದು. 1969ರಲ್ಲಿ ಕಾಂಗ್ರೆಸ್ ಒಡೆದ ಮೇಲೆ ಇಂದಿರಾ ಬಣಕ್ಕೆ ಸಿಕ್ಕ ಗುರುತು ಅದು. 1971ರಲ್ಲಿ ಅದು ಬರೀ ಹಟ್ಟಿಯ ಆಕಳು. ತುರ್ತು ಪರಿಸ್ಥಿತಿ ಕಂಡ ದೇಶ 1977ರಲ್ಲಿ ಮತಕ್ಕೆ ಹೊರಟಾಗ ಆಕಳು ಇಂದಿರಾ, ಕರು ಮಗ ಸಂಜಯ್ ಆಗಿದ್ದರು. ವಿರೋಧಿಗಳು ಹೊಸದಾಗಿ ಒಂದು ಗೆರೆಯನ್ನೂ ಎಳೆಯಬೇಕಿರಲಿಲ್ಲ. ಕಾಂಗ್ರೆಸ್ಸಿನ ಕರಪತ್ರವೇ ಅವರ ವ್ಯಂಗ್ಯಚಿತ್ರ.

ಅಮೆರಿಕದಲ್ಲಿ ಇದು ತಿರುಗಾಮುರುಗಾ ನಡೆದಿತ್ತು. 1828ರ ಅಧ್ಯಕ್ಷ ಚುನಾವಣೆಯಲ್ಲಿ ಆಂಡ್ರ್ಯೂ ಜಾಕ್ಸನ್ ಅವರನ್ನು ಎದುರಾಳಿಗಳು ಕತ್ತೆ ಎಂದು ಜರೆದರು. 1837ರ ಕಲ್ಲಚ್ಚಿನ ಚಿತ್ರವೊಂದರಲ್ಲಿ ಜಾಕ್ಸನ್ ಕತ್ತೆಯ ಮೇಲೇ ಕೂತರು. 1870ರಲ್ಲಿ ವ್ಯಂಗ್ಯಚಿತ್ರಕಾರ ಥಾಮಸ್ ನ್ಯಾಸ್ಟ್ ಕತ್ತೆಯನ್ನು 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಗೆ ತಂದ ಮೇಲೆ ಬೈಗುಳ ಡೆಮಾಕ್ರಟಿಕ್ ಪಕ್ಷದ ಲಾಂಛನವಾಗಿ ನಿಂತಿತು.

ಜಾಕ್ಸನ್ ಕಾಲದ ಚಿತ್ರಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು 'ಒಂದನೆಯ ಆಂಡ್ರ್ಯೂ ದೊರೆ'ಯನ್ನು. ಜಾಕ್ಸನ್ ತಲೆಗೆ ಕಿರೀಟ, ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಸಂಸತ್ತಿನ ಮಸೂದೆ ತಳ್ಳಿಹಾಕುವ ವೀಟೊ ಕಾಗದ. ಕಾಲಡಿಯಲ್ಲಿ ಹರಿದ ಸಂವಿಧಾನ. ಮುಖವನ್ನು ಮಾತ್ರ ಕಲಾವಿದ ವಿಕಾರ ಮಾಡಿಲ್ಲ, ಗಂಭೀರವಾಗಿಯೇ ಬಿಟ್ಟಿದ್ದಾನೆ. ಮೂಗು ಉದ್ದ ಮಾಡಿ ನಗಿಸುವವರು ಬಹಳ. ಮುಖ ಕೆಡಿಸದೆ ಮನುಷ್ಯನ ದರ್ಪ ತೋರಿಸುವುದು ಕಷ್ಟದ ವಿದ್ಯೆ.

ಇಂಥ ಚಿತ್ರಗಳನ್ನು ಮತದ ಲೆಕ್ಕದಲ್ಲಿ ಅಳೆಯುವುದು ತಪ್ಪು. ದೊರೆಯ ಚಿತ್ರ ಬಂದ ಮೇಲೂ 1836ರಲ್ಲಿ ಗೆದ್ದವರು ಜಾಕ್ಸನ್ ಆರಿಸಿದ ವ್ಯಾನ್ ಬ್ಯೂರೆನ್. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದರೂ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತು. ಮರುವರ್ಷ ಇಂದಿರಾ ಚಿಕ್ಕಮಗಳೂರಿನಲ್ಲಿ ಗೆದ್ದದ್ದು ಕೈ ಗುರುತಿನಿಂದ. ಆಕಳು-ಕರು ಮತಪತ್ರ ಬಿಟ್ಟಿತು, ಜನರ ಬಾಯಿ ಬಿಡಲಿಲ್ಲ.

ಹಾಸ್ಯಲೇಖಕ ರಾಶಿ 1942ರಲ್ಲಿ ಶುರುಮಾಡಿದ 'ಕೊರವಂಜಿ' ಹಾಸ್ಯಪತ್ರಿಕೆಯ ಚಿತ್ರಗಳಿಗೆ, ಅದರಲ್ಲಿ ಬರೆಯುತ್ತಿದ್ದ ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳಿಗೆ ಕಾಪಿಡುವ ಕೈಗಳಿವೆ. ಹಳ್ಳಿಯ ಚುನಾವಣಾ ಕರಪತ್ರಕ್ಕೆ ಯಾರೂ ಇಲ್ಲ. ಆಡೂರು, ಹಾನಗಲ್ ಕಡೆಯ ಮನೆಗಳ ಟ್ರಂಕಿನಲ್ಲಿ ಅಂಥದೊಂದು ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.