ಬಾಂಧವ್ಯ ಸಿದ್ಧಾಂತ: ಇಬ್ಬರ ಲೆಕ್ಕ ಸಾಕೇ?

ಮಳೆ ಕೈಕೊಟ್ಟ ವರ್ಷ ರಾಯಚೂರು ಜಿಲ್ಲೆಯ ಮಲ್ಲಟ, ದೇವದುರ್ಗ, ಮಾನ್ವಿ ಭಾಗದ ಕೂಲಿ ಕುಟುಂಬಗಳು ಬೆಂಗಳೂರಿನಂಥ ನಗರಗಳಿಗೆ ಗುಳೆ ಹೋಗುವುದು ನಿಮಗೆ ತಿಳಿದದ್ದೇ. ಹಲವು ಮನೆಗಳಲ್ಲಿ ಚಿಕ್ಕ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ತಿಂಗಳುಗಳ ನಂತರ ತಾಯಿ ಮರಳಿದಾಗ ಮಗು ಅವಳತ್ತ ಓಡದೆ ಅಜ್ಜಿಯ ಸೆರಗಿನ ಹಿಂದೆ ನಿಂತರೆ ಏನೆಂದು ತಿಳಿಯಬೇಕು? ಬಾಂಧವ್ಯ ಸಿದ್ಧಾಂತವನ್ನು ಈ ಪ್ರಶ್ನೆಯ ಒರೆಗೆ ಹಚ್ಚಿ ನೋಡೋಣ.

ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ (1907–1990) ಮೂರು ಸಂಪುಟಗಳಲ್ಲಿ (1969, 1973, 1980) ಮಂಡಿಸಿದ ವಾದ ಸರಳ: ಮಗು ತಾಯಿಯನ್ನು ಅಪ್ಪಿಕೊಳ್ಳುವುದು ಹಾಲಿಗಾಗಿ ಮಾತ್ರವಲ್ಲ, ರಕ್ಷಣೆಗಾಗಿ. ಹೊರಗಿನ ವರ್ತನೆಗೆ ಒತ್ತು ಕೊಟ್ಟು ಮಗುವಿನ ಒಳಲೋಕವನ್ನು ಕಡೆಗಣಿಸಿದ್ದಾರೆಂದು ಆನಾ ಫ್ರಾಯ್ಡ್ ಮೊದಲಾದವರು 1960ರಲ್ಲಿ ಆಕ್ಷೇಪಿಸಿದರು. ನಾಲ್ಕು ದಶಕಗಳ ಮೇಲೆ, 2000ದಲ್ಲಿ, ಅಮೆರಿಕದ ಸ್ಟೀಫನ್ ಮಿಚೆಲ್ ತಮ್ಮ ಸಂಬಂಧಕೇಂದ್ರಿತ ಮನೋವಿಶ್ಲೇಷಣೆಯಲ್ಲಿ ಬೌಲ್ಬಿಗೆ ಗೌರವದ ಸ್ಥಾನ ನೀಡಿದರು. ಮನಸ್ಸು ಒಂಟಿಯಾಗಿ ಬೆಳೆಯುವುದಿಲ್ಲ, ಸಂಬಂಧಗಳ ನಡುವೆ ರೂಪುಗೊಳ್ಳುತ್ತದೆ ಎಂಬುದು ಇಬ್ಬರಿಗೂ ಸಮಾನವಾದ ನೆಲೆ.

ಆದರೆ ಈ ಸಂಬಂಧ ಎಷ್ಟು ಜನರದು? ಮಿಚೆಲ್ ಪಂಥದ ಚಿಂತನೆ ಬಹುಮಟ್ಟಿಗೆ ಇಬ್ಬರಲ್ಲೇ ನಿಲ್ಲುತ್ತದೆ. ಮೇರಿ ಐನ್ಸ್‌ವರ್ತ್ ಬಾಲ್ಟಿಮೋರ್‌ನಲ್ಲಿ ರೂಪಿಸಿದ ‘ಅಪರಿಚಿತ ಸನ್ನಿವೇಶ’ ಪರೀಕ್ಷೆಯೂ ಹಾಗೆಯೇ. ಸುಮಾರು 20 ನಿಮಿಷಗಳಲ್ಲಿ ತಾಯಿ ಎರಡು ಸಲ ಕೊಠಡಿ ಬಿಟ್ಟು ಮರಳುತ್ತಾಳೆ. ಆಗ ಮಗು ನಡೆದುಕೊಂಡ ರೀತಿಯಿಂದ ಬಾಂಧವ್ಯದ ಬಗೆಯನ್ನು ಗುರುತಿಸುತ್ತಾರೆ. ಅದೇ ಅಳತೆಗೋಲಿನಿಂದ ಗುಳೆ ಮನೆಯ ಮಗುವನ್ನು ಅಳೆದರೆ ‘ಅಭದ್ರ’ ಎಂಬ ಹಣೆಪಟ್ಟಿ ಅಂಟೀತು. ಆ ಮಗುವಿಗೆ ಅಜ್ಜಿಯ ಮಡಿಲು ಭದ್ರ ನೆಲೆಯಾಗಿರಬಹುದು. ಮಗು ಒಬ್ಬರಿಗಿಂತ ಹೆಚ್ಚು ಜನರಿಗೆ ಅಂಟಿಕೊಳ್ಳಬಲ್ಲದು ಎಂಬುದನ್ನು ಐನ್ಸ್‌ವರ್ತ್ ಅವರೇ ಮೊದಲು ಉಗಾಂಡಾದಲ್ಲಿ ಕಂಡಿದ್ದರು. ಭಾರತೀಯ ಬಾಲ್ಯವನ್ನು ಅವಿಭಕ್ತ ಕುಟುಂಬದ ಹಿನ್ನೆಲೆಯಲ್ಲಿ ಓದಿದ ಸುಧೀರ್ ಕಕ್ಕರ್ ಅವರ 1978ರ ಕೃತಿಯೂ ನಮ್ಮ ಮುಂದಿದೆ.

ಹಾಗೆಂದು ‘ಅಜ್ಜಿ ಇದ್ದಾಳಲ್ಲ’ ಎಂದು ಸುಮ್ಮನಿರಲಾಗದು. ಬೌಲ್ಬಿಯ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಚಿತ್ರ ತೆಗೆದರು. ಎಂಟು ದಿನಗಳ ಅಗಲಿಕೆಯಲ್ಲಿ ಅವಳು ಹೆಚ್ಚು ಅಳಲಿಲ್ಲ. ಆದರೂ ದುಃಖ ಮುಖದಲ್ಲಿ ಕಾಣುತ್ತಿತ್ತು. ಸದ್ದಿಲ್ಲದ ಮಗು ನೆಮ್ಮದಿಯಿಂದಿದೆ ಎಂದು ಭಾವಿಸಬಾರದೆಂಬ ಈ ಪಾಠ ಸಿದ್ಧಾಂತದ ನಿಜವಾದ ಕೊಡುಗೆ.

ಅಂಗನವಾಡಿ ಕಾರ್ಯಕರ್ತೆಯರೂ ಶಿಕ್ಷಕರೂ ಈ ಸಿದ್ಧಾಂತವನ್ನು ಬಳಸುವುದಾದರೆ ‘ತಾಯಿ ಎಲ್ಲಿ?’ ಎಂಬುದರ ಜೊತೆಗೆ ‘ಅತ್ತಾಗ ಎತ್ತಿಕೊಳ್ಳುವವರು ಯಾರು? ಅವರೂ ಇಲ್ಲವಾದರೆ ಮತ್ಯಾರು?’ ಎಂದೂ ಕೇಳಬೇಕು.