ಯಂತ್ರದ ಸಾಕ್ಷ್ಯ, ಮನುಷ್ಯನ ಮಾತು
(ಒಂದು ಆಂಗ್ಲ ದೂರದರ್ಶನ ನಾಟಕವನ್ನು ಕುರಿತು)

ನಾಟಕವೊಂದು ದೇಶವೊಂದರ ಶಾಸನಸಭೆಯನ್ನು ನಿದ್ದೆಯಿಂದ ಎಬ್ಬಿಸಿತೆಂದರೆ ವಾಚಕರು ಸುಲಭವಾಗಿ ನಂಬಲಾರರು. ಆದರೆ 2024ರ ಜನವರಿ 1ರಿಂದ 4ರವರೆಗೆ ನಾಲ್ಕು ರಾತ್ರಿ ಇಂಗ್ಲೆಂಡಿನ ಐಟಿವಿ ವಾಹಿನಿಯಲ್ಲಿ ಪ್ರಸಾರವಾದ 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್' ಎಂಬ ನಾಟಕವು ಮಾಡಿದ ಕೆಲಸ ಅದೇ. ಗ್ವಿನೆತ್ ಹ್ಯೂಸ್ ರಚಿಸಿ ಜೇಮ್ಸ್ ಸ್ಟ್ರಾಂಗ್ ನಿರ್ದೇಶಿಸಿದ ಈ ಕೃತಿಯನ್ನು ಕಂಡ ಜನ ಕೆರಳಿದರು. ಅಂಚೆ ಸಂಸ್ಥೆಯ ಮಾಜಿ ಮುಖ್ಯಾಧಿಕಾರಿಣಿಗೆ ಕೊಟ್ಟಿದ್ದ ಬಿರುದನ್ನು ಹಿಂದಕ್ಕೆ ಪಡೆಯಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಸಹಿಗಳು ಬಿದ್ದವು. ಆಕೆ ತಾವಾಗಿಯೇ ಅದನ್ನು ಮರಳಿಸುವುದಾಗಿ ಸಾರಿದರು. ಅದೇ ವರ್ಷದ ಮೇ 24ರಂದು ನೂರಾರು ನಿರಪರಾಧಿಗಳ ಶಿಕ್ಷೆಯನ್ನು ಒಟ್ಟಿಗೆ ತೊಡೆದುಹಾಕುವ ಕಾಯಿದೆಯೂ ಬಂದಿತು. ಇಂಥ ಪುಣ್ಯಕಾರ್ಯ ಮಾಡಿದ ಕೃತಿಯಲ್ಲಿ ಕೊರತೆ ಹುಡುಕುವುದು ಸೌಜನ್ಯವಲ್ಲವೆಂದು ತೋರಬಹುದು. ಆದರೂ ಹುಡುಕಬೇಕಾಗಿದೆ, ಏಕೆಂದರೆ ಈ ನಾಟಕವು ಹೇಳದೆ ಬಿಟ್ಟ ಮಾತೇ ನಮಗೆ ಹೆಚ್ಚು ಸಂಬಂಧಪಟ್ಟದ್ದು.

ಕಥೆಯ ಹಿನ್ನೆಲೆಯನ್ನು ತಿಳಿಯದ ವಾಚಕರಿಗಾಗಿ ನಾಲ್ಕು ಮಾತು. ನಮ್ಮ ಹಳ್ಳಿಗಳಲ್ಲಿ ಶಾಖಾ ಅಂಚೆ ಕಚೇರಿಯು ಎಷ್ಟೋ ವೇಳೆ ಯಾರದೋ ಮನೆಯ ಪಡಸಾಲೆಯಲ್ಲಿ ನಡೆಯುವಂತೆ, ಆ ನಾಡಿನಲ್ಲಿಯೂ ಸಣ್ಣ ಅಂಚೆ ಕಚೇರಿಗಳು ಕಿರಾಣಿ ಅಂಗಡಿಯ ಒಂದು ಮೂಲೆಯಲ್ಲಿ ನಡೆಯುತ್ತವೆ. ನಡೆಸುವವರು ಸಂಬಳದ ನೌಕರರಲ್ಲ. ಕರಾರಿಗೆ ಕಟ್ಟುಬಿದ್ದ ಅಂಗಡಿಕಾರರು. 1999ರಿಂದ ಇವರ ಕಚೇರಿಗಳಿಗೆ 'ಹೊರೈಜನ್' ಎಂಬ ಗಣಕ ವ್ಯವಸ್ಥೆಯನ್ನು ಅಳವಡಿಸಲಾಯಿತು. ಜಪಾನಿನ ಫುಜಿತ್ಸು ಸಂಸ್ಥೆಗೆ ಸೇರಿದ ಐಸಿಎಲ್ ಕಂಪನಿಯು ಸಿದ್ಧಪಡಿಸಿದ ತಂತ್ರಾಂಶವದು. ದಿನದ ಕೊನೆಗೆ ಪೆಟ್ಟಿಗೆಯಲ್ಲಿರುವ ರೋಕಡಕ್ಕೂ ಯಂತ್ರ ತೋರಿಸುವ ಲೆಕ್ಕಕ್ಕೂ ತಾಳೆಯಾಗದಿದ್ದರೆ, ಕೊರತೆಯನ್ನು ಅಂಗಡಿಕಾರರೇ ತುಂಬಬೇಕೆಂದು ಸಂಸ್ಥೆಯು ಕರಾರನ್ನು ಅರ್ಥೈಸಿತು. ತುಂಬಲಾರದವರು ಕಳ್ಳರೆನಿಸಿದರು. 1999ರಿಂದ 2015ರವರೆಗೆ ಶಿಕ್ಷೆಗೊಳಗಾದವರು ಒಂಬೈನೂರಕ್ಕೂ ಹೆಚ್ಚು ಮಂದಿ. ಅವರಲ್ಲಿ ಸುಮಾರು ಏಳುನೂರು ಜನರ ಮೇಲೆ ಮೊಕದ್ದಮೆ ಹೂಡಿದ್ದು ಪೊಲೀಸರಲ್ಲ, ಅಂಚೆ ಸಂಸ್ಥೆಯೇ! ಹಣ ಹೋಯಿತೆಂದು ದೂರುವವರೂ, ತನಿಖೆ ಮಾಡುವವರೂ, ವಾದ ಹೂಡುವವರೂ ಒಬ್ಬರೇ ಆಗಿದ್ದರು.

ನಾಟಕದ ಅತ್ಯಂತ ಸಫಲವಾದ ಸನ್ನಿವೇಶವು ಮೊದಲ ಭಾಗದಲ್ಲಿಯೇ ಇದೆ. ಹ್ಯಾಂಪ್‌ಷೈರ್ ಪ್ರಾಂತದ ಸೌತ್ ವಾರ್ನ್‌ಬರೋ ಎಂಬ ಹಳ್ಳಿಯ ಶ್ರೀಮತಿ ಜೋ ಹ್ಯಾಮಿಲ್ಟನ್ ಅವರು (ಪಾತ್ರಧಾರಿಣಿ ಮೋನಿಕಾ ಡೋಲನ್) ಕೊರತೆ ಕಂಡು ಗಾಬರಿಯಾಗಿ ಸಹಾಯವಾಣಿಗೆ ದೂರವಾಣಿ ಮಾಡುತ್ತಾರೆ. ಆ ಕಡೆಯ ಧ್ವನಿ ಹೇಳಿದ ಗುಂಡಿಗಳನ್ನೇ ಒತ್ತುತ್ತಾರೆ. ಎರಡು ಸಾವಿರ ಪೌಂಡುಗಳ ಕೊರತೆಯು ಅವರ ಕಣ್ಣೆದುರಿನಲ್ಲಿಯೇ ಇಮ್ಮಡಿಯಾಗುತ್ತದೆ. ಡೋಲನ್ ಅವರು ಅಲ್ಲಿ ಕೂಗಾಡುವುದಿಲ್ಲ, ಅಳುವುದೂ ಇಲ್ಲ. ತಾನೇ ಏನೋ ತಪ್ಪು ಮಾಡಿರಬೇಕೆಂಬ ಸಣ್ಣ ನಾಚಿಕೆಯೊಂದು ಮುಖದ ಮೇಲೆ ಹಾಯ್ದುಹೋಗುತ್ತದೆ, ಅಷ್ಟೆ. ಇಡೀ ಪ್ರಕರಣದ ಮರ್ಮವೇ ಆ ನಾಚಿಕೆಯಲ್ಲಿದೆ. ಯಂತ್ರಕ್ಕೂ ತನಗೂ ಲೆಕ್ಕ ತಾಳೆಯಾಗದಿದ್ದಾಗ ಪ್ರಾಮಾಣಿಕರು ಮೊದಲು ತಮ್ಮನ್ನೇ ಸಂಶಯಿಸಿಕೊಳ್ಳುತ್ತಾರೆ. ಆ ಮಹಾತಾಯಿ ಮನೆಯನ್ನು ಮತ್ತೆ ಅಡವಿಟ್ಟು ಹಣ ತುಂಬಿದರು. ಸೆರೆಮನೆಯ ಭಯದಿಂದ, ಮಾಡದ ಸುಳ್ಳು ಲೆಕ್ಕದ ಅಪರಾಧವನ್ನು ಒಪ್ಪಿಕೊಂಡರು. ಹಳ್ಳಿಯವರು ಚಂದಾ ಎತ್ತಿ ನೆರವಾದರು, ನ್ಯಾಯಾಲಯಕ್ಕೆ ಗುಂಪಾಗಿ ಹೋಗಿ ಅವರ ಬೆನ್ನಿಗೆ ನಿಂತರು. ಈ ಭಾಗವನ್ನು ನಾಟಕಕಾರ್ತಿಯು ಅತಿರೇಕವಿಲ್ಲದೆ ಬರೆದಿದ್ದಾರೆ. ಟೋಬಿ ಜೋನ್ಸ್ ಅವರ ಅಲನ್ ಬೇಟ್ಸ್ ಕೂಡ ಅಷ್ಟೇ ಸಂಯಮದ ಪಾತ್ರ. 'ಈ ತೊಂದರೆ ನಿಮಗೊಬ್ಬರಿಗೇ' ಎಂದು ಪ್ರತಿಯೊಬ್ಬರಿಗೂ ಹೇಳಲಾಗಿತ್ತು. 2009ರಲ್ಲಿ ಫೆನಿ ಕಾಂಪ್ಟನ್ ಎಂಬ ಗ್ರಾಮದ ಸಭಾಗೃಹದಲ್ಲಿ ಅಪರಿಚಿತರೆಲ್ಲ ಕೂಡಿದಾಗ ಆ ಸುಳ್ಳು ಬಯಲಾಗುವ ದೃಶ್ಯವನ್ನು ಸಹೃದಯರು ಮರೆಯಲಾರರು.

ಇಷ್ಟಾದ ಮೇಲೆ ಆಕ್ಷೇಪಣೆ ಏನೆಂದು ವಾಚಕರು ಕೇಳುವುದು ಸಹಜ. ಮುಂದಿನ ಭಾಗಗಳಲ್ಲಿ ನಾಟಕವು ಕ್ರಮೇಣ ಖಳನನ್ನು ಅರಸಲು ತೊಡಗುತ್ತದೆ. ಗಾಜಿನ ಕೋಣೆಗಳಲ್ಲಿ ಕುಳಿತ ಅಧಿಕಾರಿಗಳು, ನಯವಾದ ಸುಳ್ಳುಗಳು, ಮುಚ್ಚಿಟ್ಟ ಕಡತಗಳು. ಇವೆಲ್ಲ ನಿಜವೇ ಹೌದು, ಮುಂದೆ ವಿಚಾರಣೆಯಲ್ಲಿಯೂ ಹೊರಬಿದ್ದವು. ಆದರೆ ನಾಲ್ಕನೆಯ ರಾತ್ರಿ ಮುಗಿದಾಗ ನೋಡುಗನ ಮನಸ್ಸಿನಲ್ಲಿ ಉಳಿಯುವುದು 'ಕೆಟ್ಟವರು ಆ ಪೀಠದಲ್ಲಿ ಕುಳಿತಿದ್ದರು' ಎಂಬ ಭಾವವೊಂದೇ. ಒಳ್ಳೆಯವರು ಕುಳಿತಿದ್ದರೂ ಬಹುಮಟ್ಟಿಗೆ ಇದೇ ಅನಾಹುತ ನಡೆಯುತ್ತಿತ್ತೆಂಬ ಭಯಾನಕ ಸಂಗತಿಯ ಸುಳಿವನ್ನು ನಾಟಕವು ಕೊಡುವುದಿಲ್ಲ. ಆ ಸುಳಿವು ಇರುವುದು ಕಾನೂನಿನ ಪುಸ್ತಕದಲ್ಲಿ.

ಇಂಗ್ಲೆಂಡಿನ 1984ರ ಸಾಕ್ಷ್ಯಕಾಯಿದೆಯ 69ನೆಯ ಕಲಮಿನಂತೆ, ಗಣಕಯಂತ್ರದ ದಾಖಲೆಯನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷಿಯಾಗಿ ತರುವವರು ಆ ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಮೊದಲು ತೋರಿಸಬೇಕಾಗಿತ್ತು. ಇದು ವ್ಯರ್ಥ ತೊಡಕೆಂದು ಅಲ್ಲಿಯ ಕಾನೂನು ಆಯೋಗವು 1997ರಲ್ಲಿ ಅಭಿಪ್ರಾಯಪಟ್ಟಿತು. 1999ರ ಕಾಯಿದೆಯೊಂದು ಅದನ್ನು ತೆಗೆದುಹಾಕಿತು. ಅಂದಿನಿಂದ, ಯಂತ್ರವು ಸರಿಯಾಗಿತ್ತೆಂದೇ ನ್ಯಾಯಾಲಯವು ಊಹಿಸತಕ್ಕದ್ದು. ಇಲ್ಲವೆನ್ನುವವನು ತಾನೇ ಆಧಾರ ಒದಗಿಸಬೇಕು. ಹೊರೈಜನ್ ಅಂಗಡಿಗಳಿಗೆ ಕಾಲಿಟ್ಟದ್ದೂ, ಈ ರಕ್ಷಣೆಯು ಕಣ್ಮರೆಯಾದದ್ದೂ ಒಂದೇ ಕಾಲದಲ್ಲಿ. ಬ್ರಿಡ್ಲಿಂಗ್ಟನ್ನಿನ ಶ್ರೀ ಲೀ ಕ್ಯಾಸಲ್ಟನ್ ಅವರು ಸುಮಾರು ಇಪ್ಪತ್ತೈದು ಸಾವಿರ ಪೌಂಡುಗಳ ವ್ಯಾಜ್ಯದಲ್ಲಿ ವಕೀಲರಿಲ್ಲದೆ ತಾವೇ ವಾದಿಸಿ 2007ರಲ್ಲಿ ಸೋತು, 3,21,000 ಪೌಂಡುಗಳ ಖರ್ಚನ್ನು ಹೊತ್ತು ದಿವಾಳಿಯಾದರು. ಅವರದು ಸಿವಿಲ್ ವ್ಯಾಜ್ಯ, ಆದರೂ ಪಾಡು ಅದೇ. ಯಂತ್ರದ ಒಳಗನ್ನು ತೋರಿಸಲು ಅವರಲ್ಲಿ ಏನಿತ್ತು? ಒಳಗಿನ ದಾಖಲೆಗಳೆಲ್ಲ ಎದುರಾಳಿಯ ಬಳಿಯಲ್ಲಿದ್ದವು. ಭಾರತದಲ್ಲಿ ಹುಟ್ಟಿ ವೆಸ್ಟ್ ಬೈಫ್ಲೀಟ್‌ನಲ್ಲಿ ಅಂಗಡಿ ಇಟ್ಟಿದ್ದ ಶ್ರೀಮತಿ ಸೀಮಾ ಮಿಶ್ರಾ ಅವರು ಕಳ್ಳತನದ ಆರೋಪವನ್ನು ಒಪ್ಪಿಕೊಳ್ಳದೆ ತಂತ್ರಾಂಶದ ಪ್ರಶ್ನೆಯನ್ನೇ ಪಂಚರ ಮುಂದಿಟ್ಟರು. 2010ರ ನವೆಂಬರಿನಲ್ಲಿ, ಗರ್ಭಿಣಿಯಾಗಿದ್ದಾಗ, ಮಗನ ಹತ್ತನೆಯ ಹುಟ್ಟುಹಬ್ಬದ ದಿನ, ಹದಿನೈದು ತಿಂಗಳ ಶಿಕ್ಷೆಗೆ ಗುರಿಯಾಗಿ ಸೆರೆಮನೆ ಸೇರಿದರು. ಯಂತ್ರವನ್ನು ನೇರವಾಗಿ ಪ್ರಶ್ನಿಸಿದ ಇಂಥವರನ್ನು ನಾಟಕವು ತನ್ನ ಕೇಂದ್ರಕ್ಕೆ ತಂದುಕೊಂಡಿದ್ದರೆ ಅದರ ದಿಕ್ಕೇ ಬೇರೆಯಾಗುತ್ತಿತ್ತು.

ತಂತ್ರಾಂಶದ ದೋಷವನ್ನು ರಂಗದ ಮೇಲೆ ತೋರಿಸುವುದು ಅಸಾಧ್ಯವೆಂದು ಕೆಲವರು ಸಮಾಧಾನ ಹೇಳಬಹುದು. ಹಾಗೇನಿಲ್ಲ. 2015ರಲ್ಲಿ ಸ್ಕಾಟ್‌ಲೆಂಡಿನ ಡಾಲ್ಮೆಲಿಂಗ್ಟನ್ನಿನಲ್ಲಿ ನಡೆದುದನ್ನು ನೋಡಿರಿ. ಎಂಟು ಸಾವಿರ ಪೌಂಡುಗಳ ಚೀಲವೊಂದು ಕಚೇರಿಗೆ ಬಂದಿತೆಂದು ಯಂತ್ರಕ್ಕೆ ತಿಳಿಸಬೇಕಾಗಿತ್ತು. ಗುಂಡಿ ಒತ್ತಿದರು, ತೆರೆಯು ಮುಂದಕ್ಕೆ ಸರಿಯಲಿಲ್ಲ. ಯಾರಾದರೂ ಮಾಡುವಂತೆ ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಪ್ರತಿ ಒತ್ತಿಗೂ ಯಂತ್ರವು ಒಳಗೊಳಗೇ ಹೊಸದೊಂದು ಚೀಲವನ್ನು ಜಮಾ ಬರೆದುಕೊಂಡಿತು. ಬಂದದ್ದು ಒಂದು ಚೀಲ, ಬರೆದದ್ದು ನಾಲ್ಕು; ಇಪ್ಪತ್ತನಾಲ್ಕು ಸಾವಿರ ಪೌಂಡುಗಳ 'ಕೊರತೆ'. ಮಕ್ಕಳಿಗೂ ಅರ್ಥವಾಗುವ ಸಂಗತಿಯಲ್ಲವೇ ಇದು? ಸಮರ್ಥ ನಾಟಕಕಾರರಿಗೆ ಇದು ಹತ್ತು ನಿಮಿಷಗಳ ಅದ್ಭುತ ದೃಶ್ಯವಾಗಬಲ್ಲದು. ಹಾಗೆಯೇ, ಅಂಗಡಿಯವರಿಗೆ ತಿಳಿಯದಂತೆ ದೂರದ ಕಚೇರಿಯಲ್ಲಿ ಕುಳಿತವರು ಅವರ ಲೆಕ್ಕವನ್ನು ತಿದ್ದಬಲ್ಲವರಾಗಿದ್ದರು. ಇದನ್ನು ನಾಟಕವು ತೋರಿಸುತ್ತದೆ, ಚೆನ್ನಾಗಿಯೇ ತೋರಿಸುತ್ತದೆ. ಆದರೆ ಅಲ್ಲಿಯೂ ಕಣ್ಣು ಮೋಸದ ಕಡೆಗೆ ಹೊರಳುತ್ತದೆಯೇ ಹೊರತು, ಮೋಸದ ಉದ್ದೇಶವಿಲ್ಲದೆಯೂ ಲೆಕ್ಕ ಕೆಡಬಲ್ಲದೆಂಬ ಕಡೆಗಲ್ಲ.

ನ್ಯಾಯಾಲಯವು ಈ ವಿಷಯದಲ್ಲಿ ಕಲೆಗಿಂತ ಮುಂದೆ ಹೋಯಿತು. ಬೇಟ್ಸ್ ಮತ್ತು ಸಂಗಡಿಗರು, ಒಟ್ಟು 555 ಮಂದಿ, ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ಫ್ರೇಸರ್ ಅವರು 2019ರ ಡಿಸೆಂಬರಿನಲ್ಲಿ ತಂತ್ರಾಂಶದ ದೋಷಗಳನ್ನು ಒಂದೊಂದಾಗಿ ಬಿಡಿಸಿ ಪರಿಶೀಲಿಸಿ, ಹಳೆಯ ಹೊರೈಜನ್ ನಂಬಿಕೆಗೆ ಅರ್ಹವಾಗಿರಲಿಲ್ಲವೆಂದು ತೀರ್ಪಿತ್ತರು. 2021ರ ಏಪ್ರಿಲ್ 23ರಂದು ಮೇಲ್ಮನವಿಯ ನ್ಯಾಯಾಲಯವು ಶ್ರೀಮತಿ ಹ್ಯಾಮಿಲ್ಟನ್, ಶ್ರೀಮತಿ ಮಿಶ್ರಾ ಮೊದಲಾದ 39 ಜನರನ್ನು ನಿರ್ದೋಷಿಗಳೆಂದಿತು. ಸರ್ ವಿನ್ ವಿಲಿಯಮ್ಸ್ ಅವರ ವಿಚಾರಣಾ ವರದಿಯ ಮೊದಲ ಸಂಪುಟವು 2025ರ ಜುಲೈಯಲ್ಲಿ ಹೊರಬಂದಾಗ, ಕನಿಷ್ಠ ಹದಿಮೂರು ಜನರ ಆತ್ಮಹತ್ಯೆಗೆ ಈ ಪ್ರಕರಣವು ಕಾರಣವಾಗಿರಬಹುದೆಂದು ತಿಳಿಯಿತು. ಯಂತ್ರದ ಪರವಾದ ಊಹೆಯನ್ನು ಮರುಪರಿಶೀಲಿಸಬೇಕೇ ಎಂದು ಅಲ್ಲಿಯ ನ್ಯಾಯ ಇಲಾಖೆಯು ಸಾರ್ವಜನಿಕರ ಅಭಿಪ್ರಾಯ ಕೇಳಿದ್ದು ಅದೇ ವರ್ಷದ ಜನವರಿಯಲ್ಲಿ, ಎಂದರೆ ನಾಟಕ ಮುಗಿದು ಒಂದು ವರ್ಷವಾದ ಮೇಲೆ.

ನಮ್ಮ ನಾಡಿನ ಮಾತೇನು? ಈ ಲೇಖಕನು ಒಮ್ಮೆ ಒಂದು ಸಹಕಾರಿ ಸಂಘದಲ್ಲಿ ಸಾಲ ತೀರಿಸಿದ ರಸೀದಿ ಹಿಡಿದು ನಿಂತಿದ್ದನು. ಗುಮಾಸ್ತರು ರಸೀದಿಯನ್ನು ಓದಿಯೂ ನೋಡಲಿಲ್ಲ. 'ಕಂಪ್ಯೂಟರಿನಲ್ಲಿ ಬಾಕಿ ಇದೆಯಲ್ಲಾ ಯಜಮಾನರೇ' ಎಂದು ಕನಿಕರದಿಂದಲೇ ನುಡಿದರು. ಮೂರು ಸಲ ಅಲೆದ ಮೇಲೆ ಅದು ಸರಿಹೋಯಿತು. ಸಣ್ಣ ಮೊತ್ತ, ಸಣ್ಣ ಸಂಕಟ. ಕಾಯಿದೆಯ ಮಟ್ಟದಲ್ಲಿ ನಾವು ಇಂಗ್ಲೆಂಡಿನಷ್ಟು ಧಾರಾಳಿಗಳಾಗಿಲ್ಲವೆಂಬುದು ಸಮಾಧಾನ. ನಮ್ಮ ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮು ಪ್ರಮಾಣಪತ್ರವನ್ನು ಬೇಡುತ್ತಿತ್ತು. ಅದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಲ್ಲಿ ಎರಡು ಭಾಗಗಳ ಪ್ರಮಾಣಪತ್ರವಿದೆ: ಒಂದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಮೊದಲನೆಯವರು ಅಲ್ಲಿ ಬರೆದು ಸಹಿ ಮಾಡುತ್ತಾರೆ. ಶ್ರೀಮತಿ ಹ್ಯಾಮಿಲ್ಟನ್ನರ ಕಥೆಯನ್ನು ನಮ್ಮ ನೆಲಕ್ಕೆ ತಂದು ನೋಡಿದರೆ, ಆ ಸಹಿ ಮಾಡುತ್ತಿದ್ದವರು ಅಂಚೆ ಸಂಸ್ಥೆಯ ಅಧಿಕಾರಿಗಳೇ. ಅದೂ ಯಾವ ಅಳುಕೂ ಇಲ್ಲದೆ, ಏಕೆಂದರೆ ಅವರಲ್ಲಿ ಹಲವರು ಯಂತ್ರವನ್ನು ಮನಸಾರೆ ನಂಬಿದ್ದರು.